ಪಕ್ಷ ವಹಿಸದ ಕೊಟ್ರಬಸಪ್ಪ
ಮಂಡಿ ಸವೆದವರಿಗೆ ಆಪರೇಷನ್ ಒಳ್ಳೆಯದೋ ವ್ಯಾಯಾಮವೋ ಎಂದು ಸರ್ಕಾರ ನಡೆಸುತ್ತಿರುವ ಅಧ್ಯಯನಕ್ಕೆ ಶಿವಮೊಗ್ಗ, ಭದ್ರಾವತಿಯ ಆಸ್ಪತ್ರೆಗಳನ್ನು ಜೊತೆಗೂಡಿಸುವ, ರೋಗಿಗಳ ಮನೆಗೆ ಹೋಗಿ ಒಪ್ಪಿಗೆ ಪಡೆಯುವ ಕೆಲಸ ಕೊಟ್ರಬಸಪ್ಪನವರದು. ಯಾರಿಗೆ ಯಾವ ಚಿಕಿತ್ಸೆ ಎಂಬುದು ಚೀಟಿ ಎತ್ತಿ ನಿರ್ಧಾರವಾಗುತ್ತದೆ. ಇವರು ಯಾವುದರ ಪರವಾಗಿಯೂ ಮಾತಾಡುವಂತಿಲ್ಲ. ಆರು ವರ್ಷದಲ್ಲಿ ಆ ನಿಯಮ ಅವರ ರಕ್ತಕ್ಕೇ ಇಳಿದಿದೆ. ಮದುವೆ ಊಟದಲ್ಲಿ ಜಾಮೂನೋ ಹೋಳಿಗೆಯೋ ಎಂದರೆ "ಎರಡೂ ಒಳ್ಳೇವೇ" ಎನ್ನುತ್ತಾರೆ. ಹೆಂಡತಿ ಜಗದಾಂಬಾ ಎರಡು ಸೀರೆ ಹಿಡಿದು ನಿಂತರೆ, "ಆರಾರು ತಿಂಗಳು ಎರಡನ್ನೂ ಉಟ್ಟು ನೋಡು, ಆಮೇಲೆ ಹೇಳೋಣ" ಎನ್ನುತ್ತಾರೆ. "ನಿಮ್ಮನ್ನ ಕಟ್ಕೊಳ್ಳೋವಾಗ ನಾನೂ ಹಂಗೇ ನೋಡ್ಬೇಕಿತ್ತು ಮಾರಾಯ್ರೆ" ಎಂದು ಆಕೆ ಕೈಗೆ ಸಿಕ್ಕಿದ್ದನ್ನು ಉಟ್ಟು ಹೊರಡುತ್ತಾಳೆ. ಮೊನ್ನೆ ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ, ಮಂಡಿ ಸವೆದ ಪುಷ್ಪಮ್ಮ ಅಧ್ಯಯನದ ಒಪ್ಪಿಗೆ ಪತ್ರದ ಮುಂದೆ ಪೆನ್ನು ಹಿಡಿದು ಕೂತಿದ್ದರು. ಕಾಫಿಯೋ ಟೀಯೋ ಎಂದು ಕೇಳಿ, "ಯಾವುದಾದ್ರೂ ಸರಿ" ಎಂಬ ಕೊಟ್ರಬಸಪ್ಪನವರ ಉತ್ತರಕ್ಕೆ ಆಗಲೇ ರೇಗಿದ್ದರು. "ನನ್ನ ಕಾಲು ಕಣ್ರೀ ಇದು, ಆಟ ಅಲ್ಲ. ನಿಮ್ಮ ತಾಯಿಗಾಗಿದ್ರೆ ಯಾವುದು ಮಾಡಿಸ್ತಿದ್ರಿ?" ಕೊಟ್ರಬಸಪ್ಪ ಚೀಲದ ಜಿಪ್ಪನ್ನು ಎಳೆದು ಮುಚ್ಚಿದರು. "ನಮ್ಮವ್ವಂಗೂ ಮಂಡಿನೇ. ಒಬ್ಬ ಡಾಕ್ಟ್ರು ಅದು ಅಂದ್ರು, ಇನ್ನೊಬ್ರು ಇದು ಅಂದ್ರು. ನಾನೇ ಒಂದನ್ನ ಆರಿಸ್ದೆ. ಅವ್ವ ಮತ್ತೆ ನಡೀಲೇ ಇಲ್ಲ. ಇನ್ನೊಂದು ಮಾಡಿಸಿದ್ರೆ ನಡೀತಿದ್ಲಾ? ಇವತ್ತಿಗೂ ಗೊತ್ತಿಲ್ಲ." ಯಾವುದನ್ನು ಆರಿಸಿದ್ದರೆಂದು ಆಗಲೂ ಹೇಳಲಿಲ್ಲ. ಪುಷ್ಪಮ್ಮ ಸಹಿ ಹಾಕಿದರು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋಗಿ, ಏನೂ ಕೇಳದೆ, ಕಾಫಿ ತಂದು ಅವರ ಕೈಗಿಟ್ಟರು.