ಹುಲಿಗೆಮ್ಮನ ಬಂಡೆ

ಹಂಪಿಯ ಹೊಳೆದಂಡೆಯ ಆ ಬಂಡೆಗೆ ನಾನು ಮಧ್ಯಾಹ್ನ ಬಾಯಿಗೆ ಬಂದಂತೆ ಬೈದಿದ್ದೆ. ನೀರಿನ ಮಾದರಿ ತುಂಬಿಕೊಳ್ಳುವುದು ನನ್ನ ಕೆಲಸ. ಚಪ್ಪಲಿ ಬಿಚ್ಚಿ ಅದರ ಮೇಲೆ ಕಾಲಿಟ್ಟರೆ ಅಂಗಾಲು ಚುರ್ರೆಂದಿತ್ತು.

ಸಂಜೆ ಕೊನೆಯ ಬಾಟಲಿ ತುಂಬುವಾಗ ಹರಿಗೋಲಿನಲ್ಲಿ ಎದ್ದು ನಿಂತೆ. "ನಿಂದರಬ್ಯಾಡ್ರಿ" ಎಂದು ಅಂಬಿಗ ಹೇಳಿ ಮುಗಿಸುವಷ್ಟರಲ್ಲಿ ನೀರಿನಲ್ಲಿದ್ದೆ. ಮೊದಲೇ ಚಳಿಗಾಲ. ಅವನು ದಡಕ್ಕೆ ಎಳೆದು ಹಾಕಿದ ಮೇಲೂ ಹಲ್ಲು ಕಟಕಟ ಅನ್ನುತ್ತಿತ್ತು. ಒದ್ದೆ ಅಂಗಿಗೆ ಬಡಿದ ಗಾಳಿ ಮೈಯಲ್ಲಿದ್ದ ಕಾವನ್ನೆಲ್ಲ ಹಿಂಡಿಕೊಂಡು ಹೋಗುತ್ತಿತ್ತು.

ಬಾಳೆತೋಟದ ಕೆಲಸ ಮುಗಿಸಿ ಬಟ್ಟೆ ಒಗೆಯಲು ಬಂದಿದ್ದ ಹುಲಿಗೆಮ್ಮ ಎಂಬ ಹಿರಿಯ ಹೆಂಗಸು, ಅದೇ ಬಂಡೆಯ ಮೇಲೆ ಒಣಗಲು ಹರವಿದ್ದ ತಮ್ಮ ಸೀರೆಯನ್ನು ಸರಕ್ಕನೆ ಎಳೆದುಕೊಂಡರು.

"ನಾಚಿಕಿ ಬ್ಯಾಡ್ರಿ, ಇದರ ಮ್ಯಾಲ ಬೋರಲ ಬೀಳ್ರಿ."

ಬಿದ್ದೆ. ಹೊತ್ತು ಮುಳುಗಿದ್ದರೂ ದಿನವಿಡೀ ಬಿಸಿಲುಂಡ ಬಂಡೆ ಇನ್ನೂ ಆರಿರಲಿಲ್ಲ. ಎದೆಗೆ, ಹೊಟ್ಟೆಗೆ ಕಾವು ಹತ್ತಿದಂತೆ ನಡುಕ ಇಳಿಯಿತು. ಹಾಯಾಗಿ ಕಣ್ಣು ಮುಚ್ಚಿದೆ.

"ಒಂದ ಮಗ್ಗಲ ಬೇಯಿಸಿದ್ರ ರೊಟ್ಟಿ ಆಗತೈತೇನ್ರಿ? ಹೊರಳ್ರಿ!"

ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಹೇಳಿದ ಮಾತು ಕೇಳುವ ರೊಟ್ಟಿಯಂತೆ ನಾನು ಹೊರಳಿದೆ.

ಕೊನೆಗೆ ಎದ್ದು ಕೈಮುಗಿದರೆ ಹುಲಿಗೆಮ್ಮ ನನ್ನತ್ತ ನೋಡಲೇ ಇಲ್ಲ. ಬಂಡೆಯನ್ನು ಅಂಗೈಯಿಂದ ಸವರುತ್ತಿದ್ದರು. "ಸುತ್ತಲೂ ಬೆಚ್ಚಗೈತಿ. ನೀವು ಬಿದ್ದಲ್ಲಿ ಮಾತ್ರ ತಣ್ಣಗಾಗೈತಿ ನೋಡ್ರಿ."

ನಾನು ಅರೆಬರೆ ಒಣಗಿ ಹೊಸಪೇಟೆ ಬಸ್ಸು ಹತ್ತಿದೆ. ಅವರ ಸೀರೆ ಹಸಿಯಾಗಿಯೇ ಬುಟ್ಟಿ ಸೇರಿತು.