ಪಂಕಜಮ್ಮನ ಎಡಗೈ

ಪಂಕಜಮ್ಮನನ್ನು ಅಂಜುಬುರುಕಿ ಎಂದವರು ದಹಿಸರಿನಲ್ಲಿ ಒಬ್ಬರೂ ಇಲ್ಲ. ಗಂಡ ನಂಜುಂಡಯ್ಯ ತೀರಿಕೊಂಡು ವೈಕುಂಠ ಸಮಾರಾಧನೆ ಮುಗಿದ ಮಾರನೆಯ ಬೆಳಗ್ಗೆಯೇ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋದ ಹೆಂಗಸು ಆಕೆ. ಲೇಡೀಸ್ ಡಬ್ಬಿಯಲ್ಲಿ ಮೊಣಕೈ ಆಡಿಸಿ ಜಾಗ ಮಾಡಿಕೊಳ್ಳುವವಳು. ನೀರು ಬಿಡದ ಬಿಲ್ಡಿಂಗ್ ಸೆಕ್ರೆಟರಿಯನ್ನು ಮೆಟ್ಟಿಲ ಮೇಲೇ ನಿಲ್ಲಿಸಿ ಬೆವರಿಳಿಸಿದವಳು. ಅಂಥವಳಿಗೆ ತೊಂಬತ್ತೆರಡನೇ ಇಸವಿಯಲ್ಲಿ ಒಂದು ಹೆದರಿಕೆ ಹತ್ತಿಕೊಂಡಿತು ನೋಡಿ, ತುತ್ತು ಗಂಟಲಲ್ಲಿ ಇಳಿಯದಂಥ ಹೆದರಿಕೆ. ಕಳ್ಳರದ್ದಲ್ಲ, ಪುಂಡರದ್ದಲ್ಲ. ತನ್ನದೇ ಎಡಗೈಯದು.

ಮೊದಲು ಕಂಡು ಹೇಳಿದವಳು ಪಕ್ಕದ ಮನೆಯ ಇಂದ್ರಾಬಾಯಿ. ಸ್ಟೇಷನ್ ದಾರಿಯಲ್ಲಿ ಹಿಂದಿನಿಂದ ಬಂದು, “ಏನ್ರೀ ಪಂಕಜಾಬಾಯಿ, ಒಂದ ಕೈ ಬೀಸ್ತೀರಿ, ಇನ್ನೊಂದು ಕೈ ಕಂಕುಳಾಗ ಏನೋ ಹಿಡ್ಕೊಂಡವರಂಗ ಮಡಚೀರಿ?” ಎಂದು ನಕ್ಕಳು. ಪಂಕಜಮ್ಮನೂ ನಕ್ಕಳು. ನಕ್ಕ ಮೇಲೆ ಕೆಳಗೆ ನೋಡಿಕೊಂಡಳು. ಬಲಗೈ ತನ್ನ ಪಾಡಿಗೆ ಆಡುತ್ತಿತ್ತು. ಎಡಗೈ ಸೊಂಟದ ಪಕ್ಕ ಅಂಟಿಕೊಂಡಿತ್ತು. ಬೀಸು ಅಂದರೆ ಬೀಸುತ್ತದೆ, ಮರೆತ ಕೂಡಲೇ ನಿಲ್ಲುತ್ತದೆ. ಆಕೆಯ ಎದೆ ಧಸಕ್ಕೆಂದಿತು.

ಯಾಕೆಂದರೆ ಇಂಥ ಕೈಯನ್ನು ಆಕೆ ಮುಂಚೆ ನೋಡಿದ್ದಳು. ತಿಪಟೂರಿನಲ್ಲಿ ಮೇಷ್ಟರಾಗಿದ್ದ ಅಪ್ಪ ವೆಂಕಟಸುಬ್ಬಯ್ಯನವರಿಗೆ ಹೀಗೇ ಶುರುವಾಗಿತ್ತು. ಮೊದಲು ಕೈ ಬೀಸುವುದು ನಿಂತಿತು, ಆಮೇಲೆ ಬೆರಳು ನಡುಗಿತು, ಕಾಲು ಎಳೆಯಿತು, ಕೊನೆಗೆ ಮಾತೂ ಹೋಯಿತು. ಒಂಬತ್ತು ವರ್ಷ. ಅಮ್ಮ ಇಲ್ಲದ ಮನೆಯಲ್ಲಿ ಚಮಚದಲ್ಲಿ ಗಂಜಿ ಕುಡಿಸಿದವಳು, ಹೊರಳಿಸಿದವಳು, ಒರೆಸಿದವಳು ಪಂಕಜ. ಹದಿನೇಳಕ್ಕೆ ಕಾಲೇಜು ಬಿಟ್ಟವಳು ಇಪ್ಪತ್ತಾರಕ್ಕೆ ಮನೆಯಿಂದ ಹೊರಗೆ ಬಂದಳು. ಅಪ್ಪ ಮಲಗಿರುತ್ತಿದ್ದ ಮಧ್ಯಾಹ್ನದ ಒಂದು ಗಂಟೆಯಲ್ಲಿ ಎದುರು ಬೀದಿಗೆ ಓಡಿಹೋಗಿ ಕಲಿತ ಟೈಪಿಂಗ್ ಒಂದೇ ಆ ವರ್ಷಗಳ ಲಾಭ. ಅಪ್ಪನ ಮೇಲೆ ಸಿಟ್ಟಿರಲಿಲ್ಲ. ಆದರೆ ಮಗಳೊಬ್ಬಳ ಪ್ರಾಯ ರೋಗಿಯ ಮಂಚದ ಪಕ್ಕ ಹೇಗೆ ಮುಗಿದುಹೋಗುತ್ತದೆ ಎಂಬುದು ಆಕೆಗೆ ಅನುಭವಿಸಿಯೇ ಗೊತ್ತಿತ್ತು.

ಈಗ ಆಕೆಗೂ ಒಬ್ಬಳೇ ಮಗಳು. ವಿಮಲಾ, ಇಪ್ಪತ್ತು ವರ್ಷ. ಟಿವಿಯಲ್ಲಿ ಕಂಪನಿಗಳ ಹೆಸರು ಗಿರಗಿರ ತಿರುಗಿಕೊಂಡು ಬಂದು ನಿಲ್ಲುತ್ತದಲ್ಲ, ಆ ಕಂಪ್ಯೂಟರ್ ಅನಿಮೇಶನ್ ಕಲಿಯಲು ಬಾಂದ್ರಾದ ಒಂದು ಇನ್‌ಸ್ಟಿಟ್ಯೂಟಿಗೆ ಹೋಗುತ್ತಿದ್ದಳು. ನಾಲ್ಕು ಕಂಪ್ಯೂಟರು, ಇಪ್ಪತ್ತು ಹುಡುಗರು. ಚಪ್ಪಲಿ ಹೊರಗೆ ಬಿಟ್ಟು, ಸರದಿ ಬಂದಾಗ ಎರಡು ಗಂಟೆ ಕೂರಬೇಕು. ಅಷ್ಟಕ್ಕೇ ಹುಡುಗಿ ಹುಚ್ಚಾಗಿದ್ದಳು. ಕೋರ್ಸು ಮುಗಿಯಲು ಇನ್ನು ಎಂಟು ತಿಂಗಳು. ಅಲ್ಲಿಯವರೆಗೆ ಈ ಕೈಯ ಸುದ್ದಿ ಮಗಳಿಗೆ ತಿಳಿಯಬಾರದು. ತಿಳಿದರೆ ಅವಳು ಎಲ್ಲ ಬಿಟ್ಟು ತನ್ನ ಪಕ್ಕ ಕೂತುಬಿಡುತ್ತಾಳೆ, ತಾನು ಕೂತ ಹಾಗೆ. ಪಂಕಜಮ್ಮ ಹೆದರಿ ಸಾಯುತ್ತಿದ್ದದ್ದು ಇದಕ್ಕೆ, ಇದೊಂದಕ್ಕೇ.

ಅಂದಿನಿಂದ ಆಕೆ ಎಡಗೈಯಲ್ಲಿ ಏನಾದರೊಂದು ಹಿಡಿಯದೆ ಮನೆಯಲ್ಲೂ ಓಡಾಡಲಿಲ್ಲ. ಆದರೆ ಕೆಲಸದ ಜಾಗದಲ್ಲಿ ಹೇಗೆ ಮುಚ್ಚುವುದು? ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪಂಪು ಮಾಡುವ ಕಂಪನಿ, ಅಲ್ಲಿ ಟೈಪಿಸ್ಟು. ಎಡಗೈಯ ಕಿರುಬೆರಳು ಕೀಲಿಯನ್ನು ಹೊಡೆಯುವ ಬದಲು ಸವರತೊಡಗಿತ್ತು. ವಿಜಾಪುರದ ಕಡೆಯ ಪ್ಯೂನ್ ದಾವಲಸಾಬ ಕಾಗದವನ್ನು ಸಾಹೇಬರ ಕ್ಯಾಬಿನ್ನಿಗೆ ಒಯ್ಯುವವನು ಅರ್ಧದಾರಿಯಿಂದ ವಾಪಸು ಬಂದ.

“ಅಕ್ಕಾರ, ಒಂದೊಂದು ಅಕ್ಷರ ಮಬ್ಬ ಬಿದ್ದಾವ ನೋಡ್ರಿ. ಸಾಹೇಬ್ರು ನೋಡೂದ್ರಾಗ ಇನ್ನೊಮ್ಮಿ ಹೊಡದು ಕೊಡ್ರಿ.”

“ರಿಬ್ಬನ್ ಹಳೇದಾಗಿದೆ ಕಣಪ್ಪಾ,” ಎಂದಳು.

ಮಾರನೆಯ ದಿನ ಆತ ತಾನೇ ಹೊಸ ರಿಬ್ಬನ್ ತಂದು ಹಾಕಿದ. ಮಬ್ಬು ಹಾಗೇ ಇತ್ತು. ದಾವಲಸಾಬ ಆಮೇಲೆ ರಿಬ್ಬನ್ನಿನ ಮಾತೇ ಎತ್ತಲಿಲ್ಲ. ಎಡಗಡೆ ಇಟ್ಟ ಆಕೆಯ ಚಹಾದ ಗ್ಲಾಸನ್ನು ಸದ್ದಿಲ್ಲದೆ ಬಲಗಡೆಗೆ ಸರಿಸಿ ಹೋಗತೊಡಗಿದ. ಅವನಿಗೆ ಗೊತ್ತಾಗಿದೆ ಎಂದು ಆಕೆಗೆ ಗೊತ್ತಾಯಿತು.

ಹೀಗಿರುವಾಗ ಏಪ್ರಿಲ್‌ನಲ್ಲಿ ವಿಮಲಾ ಕುಣಿಯುತ್ತ ಬಂದಳು.

“ಅಮ್ಮಾ, ಪ್ರಾಜೆಕ್ಟ್ ಸಿಕ್ತು! ಒಬ್ಬರ ವಾಕ್ ಮಾಡ್ಬೇಕು, ನಡಿಗೆ. ನಾಲ್ಕು ಸೆಕೆಂಡ್, ನೂರು ಡ್ರಾಯಿಂಗ್. ನೀನೇ ನಡೀಬೇಕು.”

ಪಂಕಜಮ್ಮ ಎಡಗೈಯಲ್ಲಿದ್ದ ಪಾತ್ರೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. “ನನ್ನ ನಡಿಗೇಲಿ ಏನೇ ಇದೆ ನೋಡೋದಕ್ಕೆ? ಇಂದ್ರಾಬಾಯಿನ ಕೇಳು, ಖುಷಿಯಾಗಿ ನಡೀತಾರೆ.”

“ಅವರು ಕ್ಯಾಮೆರಾ ಅಂದ್ರೆ ಶಾದಿಗೆ ಹೊರಟ ಥರ ಮೇಕಪ್ ಮಾಡ್ತಾರೆ. ನೀನು ನ್ಯಾಚುರಲ್. ಸಂಡೇ ಕ್ಯಾಮೆರಾ ತರ್ತೀನಿ. ಕೈಯಲ್ಲಿ ಏನೂ ಇರಬಾರದು ಹಾಂ, ಎರಡೂ ಕೈ ಫ್ರೀ.”

ಎರಡೂ ಕೈ! ಮಂಡಿನೋವು ಎಂದಳು, ನಾಚಿಕೆ ಎಂದಳು, ಭಾನುವಾರ ಸಂಡಿಗೆ ಇಡಬೇಕು ಎಂದಳು. ವಿಮಲಾ ಕೇಳುವ ಪೈಕಿಯೇ? ಸಂಡಿಗೆ ಇಡುವುದು ಟೆರೇಸಿನಲ್ಲೇ ತಾನೇ, ಶೂಟಿಂಗೂ ಅಲ್ಲೇ ಆಗಲಿ ಎಂದಳು.

ಭಾನುವಾರ ಬೆಳಗ್ಗೆ ಟೆರೇಸಿನ ಒಂದು ಮೂಲೆಯಲ್ಲಿ ಹಳೇ ಪಂಚೆಯ ಮೇಲೆ ಸಂಡಿಗೆ, ಇನ್ನೊಂದು ಮೂಲೆಯಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಬಾಡಿಗೆ ಕ್ಯಾಮೆರಾ. ಪಂಕಜಮ್ಮ ಕನ್ನಡಿಯ ಮುಂದೆ ಮೂರು ದಿನ ಅಭ್ಯಾಸ ಮಾಡಿಕೊಂಡಿದ್ದಳು. ಹೆಜ್ಜೆಗೊಂದು ಸಲ ಮನಸ್ಸಿನಲ್ಲಿ ‘ಎಡ, ಎಡ’ ಎಂದುಕೊಳ್ಳುತ್ತ ಎಡಗೈಯನ್ನು ಎತ್ತೆತ್ತಿ ಬೀಸಿದಳು.

“ಅಮ್ಮಾ, ಇದೇನು ಪರೇಡಾ? ಆರಾಮಾಗಿ ನಡಿ ಯಾರ್!”

ಆರು ಸಲ ನಡೆಸಿದಳು. ಆರೂ ಸಲ ಅದೇ ಪರೇಡು. ಪಂಕಜಮ್ಮನ ರವಿಕೆ ಬೆನ್ನಿಗೆ ಅಂಟಿ, ಬಾಯಿ ಒಣಗಿತ್ತು. ಕಡೆಗೆ ವಿಮಲಾ ಸೋತು, “ಹೋಗ್ಲಿ ಬಿಡು,” ಎಂದು ನೆಲದ ಮೇಲೆ ಕೂತಳು. ಅಷ್ಟರಲ್ಲಿ ಎಲ್ಲಿತ್ತೋ ಏನೋ, ಹಾಳು ಕಾಗೆ ಬಂದು ಸಂಡಿಗೆಗೆ ಬಾಯಿ ಹಾಕಿತು. “ಹುಶ್, ಹುಶ್, ನಿನ್ನ ಮನೆ ಹಾಳಾಗ!” ಎಂದು ಪಂಕಜಮ್ಮ ಈ ತುದಿಯಿಂದ ಆ ತುದಿಗೆ ದಡದಡ ನಡೆದಳು, ಕಾಗೆಯನ್ನು ಅಟ್ಟಿ ಬೈದುಕೊಳ್ಳುತ್ತ ವಾಪಸು ಬಂದಳು. ಬಂದವಳು ನೋಡುತ್ತಾಳೆ, ಕ್ಯಾಮೆರಾದ ಮೇಲಿನ ಕೆಂಪು ದೀಪ ಉರಿಯುತ್ತಿದೆ.

“ಸಿಕ್ತು! ಪರ್ಫೆಕ್ಟ್!” ಎಂದು ವಿಮಲಾ ಕೇಕೆ ಹಾಕಿದಳು.

ಪಂಕಜಮ್ಮ ಪ್ಯಾರಪೆಟ್ ಗೋಡೆ ಹಿಡಿದು ನಿಂತಳು. ಕಾಗೆಯ ಸಿಟ್ಟಿನಲ್ಲಿ ಕೈಯ ನೆನಪೇ ಇರಲಿಲ್ಲವಲ್ಲ ದೇವರೇ.

ಆ ವಾರವಿಡೀ ಮನೆಯಲ್ಲಿ ಚಿತ್ರಹಿಂಸೆ. ಇಂದ್ರಾಬಾಯಿಯ ಮನೆಯ ವಿಸಿಆರ್ ತಂದು, ಟಿವಿಯ ಗಾಜಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಚಿತ್ರವನ್ನು ಒಂದೊಂದೇ ಚೂರು ಮುಂದೆ ಸರಿಸಿ ನಿಲ್ಲಿಸುತ್ತ ವಿಮಲಾ ಗೆರೆ ಎಳೆಯುತ್ತಿದ್ದಳು. ತಲೆಗೊಂದು ಸೊನ್ನೆ, ಬೆನ್ನಿಗೊಂದು ಗೆರೆ, ಕೈಕಾಲಿಗೆ ಎರಡೆರಡು. ಸಂಜೆಗೆ ಇಪ್ಪತ್ತು ಹಾಳೆ. ಪಂಕಜಮ್ಮ ಅಡುಗೆಮನೆಯಿಂದ ಮಗಳ ಮುಖವನ್ನೇ ನೋಡುತ್ತಿದ್ದಳು. ಮೊದಲೆರಡು ಸಂಜೆ ಹಾಡು ಗುನುಗುತ್ತ ಬರೆಯುತ್ತಿದ್ದ ಹುಡುಗಿ ಮೂರನೆಯ ಸಂಜೆ ಸುಮ್ಮನಾದಳು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದೂ ಪಂಕಜಮ್ಮನಿಗೆ ನೆನಪಾಗಲಿಲ್ಲ.

ಐದನೆಯ ದಿನ ಮಗಳು ಕ್ಲಾಸಿಗೆ ಹೋಗಿದ್ದಾಗ ಆಕೆ ಹಾಳೆಗಳ ಕಟ್ಟನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಬೆನ್ನಿನ ಗೆರೆಗೆ ಬೆನ್ನಿನ ಗೆರೆ ಕೂಡುವ ಹಾಗೆ ಒಂದರ ಮೇಲೊಂದು ಹಾಳೆ ಕೂತಿದ್ದರಿಂದ ಎಲ್ಲ ಗೆರೆಗಳೂ ಒಟ್ಟಿಗೆ ಕಂಡವು. ಬಲಗೈಯ ಗೆರೆಗಳು ಬೀಸಣಿಗೆಯ ಹಾಗೆ ಹರಡಿಕೊಂಡಿದ್ದವು. ಎಡಗೈಯದ್ದು ಒಂದೇ ಒಂದು ಗೆರೆ. ಗೆರೆಯ ಮೇಲೆ ಗೆರೆ ಬಿದ್ದು ಬಿದ್ದು ಕಪ್ಪಗೆ, ದಪ್ಪಗೆ ಆಗಿತ್ತು. ಡಾಕ್ಟರು ಬೇಡ, ಯಾರೂ ಬೇಡ, ಕಣ್ಣಿದ್ದವರಿಗೆ ಸಾಕು. ಗ್ಯಾಸ್ ಹಚ್ಚಿ ಇವನ್ನೆಲ್ಲ ಸುಟ್ಟುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಮಗಳು ಬೆನ್ನು ಬಗ್ಗಿಸಿ ಎಳೆದ ಗೆರೆಗಳು, ಕೈ ಬರಲಿಲ್ಲ. ಕ್ಯಾಸೆಟ್ಟಿನ ಮೇಲೆ ಯಾವುದಾದರೂ ಸೀರಿಯಲ್ ರೆಕಾರ್ಡ್ ಮಾಡಿ ಅಳಿಸೋಣವೆಂದು ಹುಡುಕಿದಳು. ಕ್ಯಾಸೆಟ್ಟು ಮನೆಯಲ್ಲಿರಲಿಲ್ಲ.

ಆ ಸಂಜೆ ವಿಮಲಾ ಬ್ಯಾಗ್ ಎಸೆದು ಕೂತಳು.

“ಕಂಪ್ಯೂಟರ್‌ಗೆ ಹಾಕಿದ್ದಷ್ಟನ್ನ ನೋಡಿ ಸರ್ ರಾಂಗ್ ಅಂದ್ರು. ‘ನಡಿಗೇಲಿ ಎರಡೂ ಕೈ ಆಡ್ಬೇಕು, ನೀನು ಎಡಗೈ ಮಾಡೋಕೆ ಮರೆತಿದೀಯಾ’ ಅಂತ. ಎಲ್ಲರ ಮುಂದೆ.” ಆಮೇಲೆ ಅಮ್ಮನ ಕಡೆ ನೋಡಿದಳು. “ನಾನು ಮರ್ತಿಲ್ಲ. ನೀನೇ ಆಡಿಸಿಲ್ಲ. ಯಾಕಮ್ಮಾ?”

“ಆವತ್ತು ಲೋಕಲ್‌ನಲ್ಲಿ ಕಂಬಿ ಹಿಡಿದು ಉಳುಕಿತ್ತು ಕಣೇ,” ಎಂದಳು ಪಂಕಜಮ್ಮ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಆಕೆಗೇ ಅಸಹ್ಯವಾಯಿತು. “ನಿಮ್ಮ ಸರ್ ಹೇಳಿದ ಹಾಗೇ ಮಾಡು. ಬರೀ ಗೆರೆ ತಾನೇ, ಆಡಿಸಿದ್ರಾಯ್ತು.”

“ಓಕೆ,” ಎಂದಳು ವಿಮಲಾ. ಅಷ್ಟೇ. ಇನ್ನೊಂದು ಪ್ರಶ್ನೆ ಇಲ್ಲ. ಮಗಳು ಜಗಳ ತೆಗೆದಿದ್ದರೆ ಪಂಕಜಮ್ಮನಿಗೆ ಧೈರ್ಯವಾಗುತ್ತಿತ್ತು. ಆ ‘ಓಕೆ’ ಆಕೆಯನ್ನು ಹತ್ತು ದಿನ ಹುರಿಯಿತು.

ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ಇನ್‌ಸ್ಟಿಟ್ಯೂಟಿನಲ್ಲಿ ಹುಡುಗರ ಕೆಲಸದ ಪ್ರದರ್ಶನ. ಅಪ್ಪ ಅಮ್ಮಂದಿರಿಗೂ ಆಹ್ವಾನ. ಪಂಕಜಮ್ಮ ಅರ್ಧ ದಿನ ರಜೆ ಹಾಕಿ ಬಾಂದ್ರಾಕ್ಕೆ ಹೋದಳು. ಎಡಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತಳು. ದೊಡ್ಡ ಟಿವಿಯಲ್ಲಿ ಒಬ್ಬನ ಚೆಂಡು ಪುಟಿಯಿತು, ಇನ್ನೊಬ್ಬನ ಹೆಸರು ಬಂಗಾರದ ಬಣ್ಣದಲ್ಲಿ ಹಾರಿಬಂತು, ಚಪ್ಪಾಳೆ ಬಿತ್ತು. ಆಮೇಲೆ ವಿಮಲಾಳ ಹೆಸರು.

ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳ ಒಬ್ಬ ಹೆಂಗಸು ನಡೆದು ಬಂದಳು. ಮುಖವಿಲ್ಲ, ಸೀರೆಯಿಲ್ಲ. ಆದರೂ ಆ ದಡದಡ ಹೆಜ್ಜೆ, ಮುಂದಕ್ಕೆ ಚಾಚಿದ ಕತ್ತು, ಕಾಗೆಯ ಮೇಲಿನ ಸಿಟ್ಟು ಎಲ್ಲ ಪಂಕಜಮ್ಮನದೇ. ಆಕೆ ಉಸಿರು ಬಿಗಿಹಿಡಿದು ಎಡಗೈ ನೋಡಿದಳು. ಬೀಸುತ್ತಿತ್ತು! ಬಲಗೈ ಹಿಂದೆ ಹೋದಾಗ ಎಡಗೈ ಮುಂದೆ ಬರುತ್ತಿತ್ತು, ಚಂದವಾಗಿ, ಸಲೀಸಾಗಿ. ಸರ್ ತಲೆಯಾಡಿಸಿದರು. ಪಂಕಜಮ್ಮ ಎರಡೂ ಕೈ ಹೊರತೆಗೆದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಬದುಕಿದೆ, ಮಗಳು ನಂಬಿಬಿಟ್ಟಿದ್ದಾಳೆ ಅಂದುಕೊಂಡಳು.

ವಾಪಸು ಬರುವಾಗ ಲೇಡೀಸ್ ಡಬ್ಬಿಯಲ್ಲಿ ಎದುರುಬದುರು ಸೀಟು ಸಿಕ್ಕಿತು. ಅಂಧೇರಿ ದಾಟಿದ ಮೇಲೆ ವಿಮಲಾ ಮುಂದಕ್ಕೆ ಬಾಗಿದಳು.

“ಬಲಗೈ ಡ್ರಾಯಿಂಗ್‌ನೇ ತಿರುಗಿಸಿ ಎಡಕ್ಕೆ ಹಾಕಿದೆ ಅಮ್ಮಾ. ಇಲ್ಲಾಂದ್ರೆ ಎಲ್ಲರ ಮುಂದೆ ನಿನ್ನ ಕೈ ತೋರಿಸಿದ ಹಾಗಾಗ್ತಿತ್ತು.”

ಪಂಕಜಮ್ಮ ಕಿಟಕಿಯ ಸರಳು ಹಿಡಿದಳು.

“ನೂರು ಸಲ ಆ ಕೈ ಬರೆದಿದೀನಿ. ನೂರು ಸಲ ಬರೆದವಳಿಗೆ ಉಳುಕು ಅಂತ ಹೇಳ್ತೀಯಲ್ಲಾ.” ಹುಡುಗಿ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು. “ಕ್ಯಾಸೆಟ್ ತಗೊಂಡು ದೊಡ್ಡ ಆಸ್ಪತ್ರೆಗೆ ಹೋಗಿದ್ದೆ. ನರದ ಡಾಕ್ಟರ್ ಹತ್ರ. ಅವರ ರೂಮಲ್ಲಿ ಟಿವಿ ಇರಲಿಲ್ಲ, ನರ್ಸ್‌ಗಳ ರೂಮಲ್ಲಿ ಹಾಕಿ ತೋರಿಸ್ದೆ. ಎರಡು ಸಲ ನೋಡಿದ್ರು. ಪೇಶೆಂಟ್‌ನೇ ನೋಡದೆ ಏನೂ ಹೇಳೋಕ್ಕಾಗಲ್ಲ, ಕರ್ಕೊಂಡು ಬಾ ಅಂದ್ರು. ತಾತಂಗೆ ಬಂದಿದ್ದ ಕಾಯಿಲೆನೇ ಆಗಿದ್ರೂ ಈಗ ಮಾತ್ರೆ ಇದೆಯಂತೆ, ಆ ಕಾಲದ ಹಾಗಲ್ವಂತೆ. ವಾಸಿಯಾಗಲ್ಲ, ಆದ್ರೆ ಎಷ್ಟೋ ವರ್ಷ ಓಡಾಡ್ಕೊಂಡಿರ್ತಾರಂತೆ. ಹತ್ತು ದಿನದಿಂದ ನಿಂಗೆ ಹೇಗೆ ಹೇಳ್ಲಿ ಅಂತ ಹೆದರ್ಕೊಂಡೇ ಓಡಾಡ್ತಿದ್ದೆ ಅಮ್ಮಾ.”

ಅಯ್ಯೋ, ಹತ್ತು ದಿನ! ತಾನು ಬಾಗಿಲಿನ ಈಚೆ ಹೆದರುತ್ತಿದ್ದಾಗ ಈ ಕೂಸು ಆಚೆ ಕೂತು ಹೆದರುತ್ತಿತ್ತು. ಪಂಕಜಮ್ಮನಿಗೆ ಆಸ್ಪತ್ರೆ, ಮಾತ್ರೆ ಯಾವುದೂ ಕಿವಿಗೆ ಬೀಳಲಿಲ್ಲ. ಒಂದೇ ಮಾತು ನಾಲಿಗೆಯ ತುದಿಯಲ್ಲಿ ನಡುಗುತ್ತಿತ್ತು. ಕೇಳಲು ಭಯ, ಕೇಳದಿರಲು ಇನ್ನೂ ಭಯ.

“ಹಾಗಾದ್ರೆ ನಿನ್ನ ಕೋರ್ಸು?”

ವಿಮಲಾ ಕಣ್ಣೊರೆಸಿಕೊಂಡು ಅಮ್ಮನನ್ನು ದಿಟ್ಟಿಸಿದಳು. ತಪ್ಪು ಒಪ್ಪಿಕೊಳ್ಳುವವಳ ಹಾಗೆ ದನಿ ತಗ್ಗಿಸಿದಳು.

“ಬೈಕೋ ಬೇಡ ಅಮ್ಮಾ. ಕೋರ್ಸ್ ಮಾತ್ರ ನಾನು ಬಿಡಲ್ಲ. ನೀನು ಅತ್ರೂ ಬಿಡಲ್ಲ. ಮಂಗಳವಾರ ಹನ್ನೊಂದಕ್ಕೆ ಡಾಕ್ಟರ್ ಟೈಮ್ ಕೊಟ್ಟಿದಾರೆ, ಅವತ್ತೇ ನನ್ನ ಕಂಪ್ಯೂಟರ್ ಟರ್ನ್ ಇದೆ. ನಿನ್ನನ್ನ ಒಳಗೆ ಕೂರಿಸಿ ಓಡ್ತೀನಿ. ಒಂದೂವರೆಗೆ ಬಂದು ಕರ್ಕೊಂಡು ಹೋಗ್ತೀನಿ. ಅಷ್ಟೊತ್ತು ಒಬ್ಬಳೇ ಕೂತಿರ್ತೀಯಾ?”

ಎರಡೂ ಕೈ ಮುಖಕ್ಕೆ ಹಿಡಿದುಕೊಂಡು ಪಂಕಜಮ್ಮ ಹೋ ಎಂದು ಅತ್ತಳು. ಡಬ್ಬಿಯ ಹೆಂಗಸರೆಲ್ಲ ತಿರುಗಿ ನೋಡಿದರು. ಮೀನಿನ ಬುಟ್ಟಿಯವಳೊಬ್ಬಳು ಎದ್ದು ಬಂದು, ಈ ಹುಡುಗಿ ತಾಯಿಗೆ ಏನೆಂದಳೋ ಎಂದು ವಿಮಲಾಳನ್ನು ಗುರಾಯಿಸಿದಳು.

“ಕೂತಿರ್ತೀನಿ ಕಣೇ,” ಎಂದಳು ಪಂಕಜಮ್ಮ, ಬಿಕ್ಕುತ್ತ. “ಸಂಜೆ ತನಕ ಬೇಕಾದ್ರೂ ಕೂತಿರ್ತೀನಿ. ನೀನು ಓಡು.”