ಎರಡನೆಯ ಮಾತ್ರೆ

ಶಾಲಾ ಸಮವಸ್ತ್ರ ಹೊಲಿಯುವ ದರ್ಜಿಯಮ್ಮನಿಗೆ ಬಸ್ಸು ಹತ್ತಿದರೆ ಹೊಟ್ಟೆ ತೊಳಸುತ್ತಿತ್ತು. ಅಂದು ಬೆಟ್ಟದ ಮೇಲಿನ ಶಾಲೆಗೆ ಮಕ್ಕಳ ಅಳತೆ ತೆಗೆಯಲು ಹೊರಟಿದ್ದಳು. ಬಸ್ಸು ಹಾರ್ನ್ ಹೊಡೆಯುತ್ತಿದ್ದಂತೆ ಎದುರಿನ ಔಷಧಿ ಅಂಗಡಿಗೆ ಓಡಿ, "ಬೇಗ ಒಂದು ವಾಂತಿ ಮಾತ್ರೆ ಕೊಡಪ್ಪ" ಎಂದಳು.

"ಬೇರೆ ಮಾತ್ರೆ ಏನಾದ್ರೂ ತಗೊಂಡಿದ್ದೀರಾ?" ಅಂಗಡಿಯವನು ಕೇಳಿದ.

"ಈಗಷ್ಟೇ ನೆಗಡಿಗೆ ಇದನ್ನ ನುಂಗಿದೆ" ಎಂದು ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ತೋರಿಸಿದಳು.

ಅವನು ಅದನ್ನು ತಿರುಗಿಸಿ ಓದಿದ. "ಎರಡೂ ಒಂದೇ ಜಾತಿ ಔಷಧಿ. ಸೇರಿದ್ರೆ ನಿಂತಲ್ಲೇ ತೂಕಡಿಸ್ತೀರಿ, ಇವತ್ತು ಬೇಡ. ಮುಂದಿನ ಸಲ ಹೊರಡೋಕೆ ಒಂದು ಗಂಟೆ ಮೊದಲೇ ಬಂದು ಕೇಳಿ."

ದರ್ಜಿಯಮ್ಮ ಗೊಣಗುತ್ತಲೇ ಮುಂದಿನ ಸೀಟು ಹಿಡಿದು ದೂರದ ರಸ್ತೆಯನ್ನೇ ನೋಡುತ್ತ ಕುಳಿತಳು. ದಾರಿಯಲ್ಲಿ ಎರಡು ಸಲ ಬಸ್ಸು ನಿಲ್ಲಿಸಬೇಕಾಯಿತು. ಆದರೂ ಮಧ್ಯಾಹ್ನ ಅರವತ್ತು ಮಕ್ಕಳ ಅಳತೆಯಲ್ಲಿ ಒಂದು ತೋಳೂ ತಪ್ಪಲಿಲ್ಲ.